ಬಾವಿಯ ಕೆಸರಿನಲ್ಲಿ ಮೈಸೂರಿನ ಅಗ್ನಿಬಾಣಗಳು

ಶಿವಮೊಗ್ಗ ಜಿಲ್ಲೆಯ ನಗರ ಗ್ರಾಮದ ಹಾಳುಬಾವಿಯೊಂದರಿಂದ 2018ರಲ್ಲಿ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ಅಗ್ನಿಬಾಣಗಳು ಹೊರಬಂದ ಸಂಗತಿಯು ವಾಚಕರ ನೆನಪಿನಲ್ಲಿರಬಹುದು. ಕೆಳದಿಯ ಅರಸರ ರಾಜಧಾನಿಯಾಗಿದ್ದು, 1763ರಲ್ಲಿ ಹೈದರಾಲಿಯ ವಶವಾದ ಬಿದನೂರೇ ಈ ನಗರವು. ಸುದ್ದಿಯನ್ನೋದಿ ಹಿಗ್ಗಿದೆವು, ನಾಲ್ಕು ದಿನಗಳಲ್ಲಿ ಮರೆತೆವು. ಈ ಮರೆವು ನಮಗೆ ಶೋಭಿಸುವುದೇ?

ಬಾಣದ ವಿದ್ಯೆಯು ನಮ್ಮಲ್ಲಿಯೇ ಹುಟ್ಟಿತೆಂದು ಕೊಚ್ಚಿಕೊಳ್ಳಬೇಕಾಗಿಲ್ಲ. ಚೀನೀಯರು ಅದನ್ನು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ಮೈಸೂರಿನವರ ಹೆಚ್ಚಳವಿರುವುದು ಕೊಳವೆಯಲ್ಲಿ. ಕಾಗದದ ಇಲ್ಲವೆ ಬಿದಿರಿನ ಕೊಳವೆಯು ಮದ್ದಿನ ಒತ್ತಡವನ್ನು ಬಹಳವಾಗಿ ತಾಳಲಾರದು. ನಮ್ಮ ಕಮ್ಮಾರರು ಅದನ್ನು ಕಬ್ಬಿಣದಿಂದ ಮಾಡಿ, ಮದ್ದನ್ನು ಗಿಡಿದು, ನೀಳವಾದ ಬಿದಿರುಗಳೆಗೆ ತೊಗಲಿನ ಪಟ್ಟಿಯಿಂದ ಬಿಗಿದರು. ಗಟ್ಟಿ ಕೊಳವೆಯು ಹೆಚ್ಚಿನ ಒತ್ತಡವನ್ನು ತಾಳಿತು. ಬಾಣವು ಹೆಚ್ಚು ದೂರ ಹಾರಿತು.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯು ನಾಶವಾದ ಕಾಳಗದಲ್ಲಿ ಈ ಬಾಣಗಳೂ ಹಾರಿದವು. 1799ರ ಏಪ್ರಿಲ್ ತಿಂಗಳಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ತೋಪಿನಲ್ಲಿ, ಕತ್ತಲೆಯಲ್ಲಿ ಇವುಗಳ ಹೊಡೆತಕ್ಕೆ ಸಿಕ್ಕಿ ಹಿಂದೆಗೆದವನು ಮುಂದೆ ವಾಟರ್ಲೂ ಸಮರವನ್ನು ಗೆದ್ದ ಆರ್ಥರ್ ವೆಲ್ಲೆಸ್ಲಿಯೇ. ಆದರೂ ನಿಜವನ್ನು ಮರೆಮಾಚಲಾಗದು: ಈ ಬಾಣಗಳ ಗುರಿ ನಿಶ್ಚಿತವಾಗಿರಲಿಲ್ಲ. ಕುದುರೆಗಳನ್ನು ಬೆದರಿಸಿ ದಂಡನ್ನು ಚದರಿಸಬಲ್ಲ ಇವು ಕೋಟೆಯನ್ನು ಉಳಿಸಲಾರದೆ ಹೋದವು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು, ಟಿಪ್ಪುವೂ ಮಡಿದನು.

ಗೆದ್ದವರು ಮಾಡಿದ ಕೆಲಸವನ್ನು ನೋಡಿರಿ. ಸೋತವರ ಆಯುಧವೆಂದು ಬಿಸಾಡದೆ, ಅವರು ಬಾಣಗಳನ್ನು ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವನು ಪ್ರಯೋಗಗಳನ್ನು ನಡೆಸಿ ತನ್ನದೇ ಆದ ಬಾಣವನ್ನು ಸಿದ್ಧಪಡಿಸಿದನು. 1806ರಲ್ಲಿ ಬೂಲೋನ್ ಪಟ್ಟಣದ ಮೇಲೂ 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೂ ಅವು ಬಿದ್ದವು. ವಿದ್ಯೆ ಅವರ ಪಾಲಾಯಿತು, ಹೆಸರೂ ಕಾಂಗ್ರೀವನದಾಯಿತು.

ಟಿಪ್ಪುವಿನ ಆಳಿಕೆಯನ್ನು ಕುರಿತು ನಮ್ಮಲ್ಲಿ ತೀವ್ರವಾದ ವಾದವಿದೆ. ಅದು ನಡೆಯಲಿ, ಇತಿಹಾಸಕ್ಕೆ ವಾದವು ಕೇಡಲ್ಲ. ಆದರೆ ಅರಸನ ಮೇಲಣ ಸಿಟ್ಟಿಗಾಗಲಿ ಮೆಚ್ಚಿಗೆಗಾಗಲಿ ಕಮ್ಮಾರನ ಕೈಗೆಲಸವನ್ನು ಬಲಿಗೊಡುವುದು ನ್ಯಾಯವೇ? ಕುಲುಮೆಯ ಮುಂದೆ ಬೆವರು ಸುರಿಸಿದ ಆ ಕನ್ನಡನಾಡಿನ ಕೆಲಸಗಾರರ ಹೆಸರುಗಳನ್ನು ನಮ್ಮ ಮಕ್ಕಳು ಅರಿಯರು. ಅವರು ಮಾಡಿದ ವಸ್ತುವನ್ನಾದರೂ ಅರಿಯಬೇಡವೇ?

ಕಬ್ಬಿಣಕ್ಕೆ ತುಕ್ಕು ಕಾದಿರುತ್ತದೆ. ದೊರೆತ ವಸ್ತುವು ಕಾಪಾಡುವವರಿಲ್ಲದಿದ್ದರೆ ಮತ್ತೊಮ್ಮೆ ಕಳೆದುಹೋಗುವುದು. ಆದುದರಿಂದ ಸರಕಾರವು ಇವುಗಳ ರಕ್ಷಣೆಗೂ, ಲೋಹ ಮತ್ತು ಮದ್ದುಗಳ ಪರೀಕ್ಷೆಗೂ ಬೇಕಾದ ಹಣವನ್ನು ಕೊಡಲಿ. ಫಲಿತಾಂಶವು ಕನ್ನಡದಲ್ಲಿ ಅಚ್ಚಾಗಲಿ. ಉಪಾಧ್ಯಾಯ ಬಂಧುಗಳು ಇತಿಹಾಸದ ಪಾಠದೊಡನೆ ವಿಜ್ಞಾನದ ಪಾಠದಲ್ಲಿಯೂ ಈ ಕೊಳವೆಗೆ ಸ್ಥಾನ ಕೊಡಲಿ. ಕಾಂಗ್ರೀವನು ಕೇಳಿದ ಪ್ರಶ್ನೆಗಳನ್ನು ನಮ್ಮ ಹುಡುಗರು ಈಗಲಾದರೂ ಕೇಳಲು ಕಲಿಯಲಿ.