‘ನಂಗೇನೂ ಬೇಡ’ ಅನ್ನೋ ಊರು

ಕಳೆದ ತಿಂಗಳು ಊರಿಗೆ ಹೋಗಿದ್ದೆ. ರಾತ್ರಿ ಪ್ರಾರ್ಥನೆಗೆ ಕೂತಾಗ ಅಮ್ಮ ಎಂದಿನಂತೆ ಕೇಳಿದರು, “ನಿನಗೋಸ್ಕರ ದೇವರ ಹತ್ರ ಏನು ಕೇಳ್ಲಿ ಮಗಾ?”

ಫೋನ್‌ನಿಂದ ತಲೆ ಎತ್ತದೇ ಹೇಳಿದೆ, “ನಂಗೇನೂ ಬೇಡಮ್ಮ. ಎಲ್ಲಾ ಚೆನ್ನಾಗೇ ಇದೆ.”

ಅಮ್ಮ ಮತ್ತೇನೂ ಕೇಳಲಿಲ್ಲ. ಬೈಬಲ್ ತೆರೆದು ಪ್ರಕಟನೆ ಪುಸ್ತಕದ ಮೂರನೇ ಅಧ್ಯಾಯ ಓದಿದರು. ಏಳು ಸಭೆಗಳಿಗೆ ಬರೆದ ಪತ್ರಗಳಲ್ಲಿ ಕೊನೆಯದು, ಲವೊದಿಕೀಯದವರಿಗೆ ಬಂದದ್ದು. ನಾನು ಶ್ರೀಮಂತ, ನನಗೆ ಯಾವ ಕೊರತೆಯೂ ಇಲ್ಲ ಎಂದುಕೊಂಡ ಸಭೆ ಅದು. ಹತ್ತು ನಿಮಿಷದ ಹಿಂದೆ ನಾನು ಹೇಳಿದ್ದೂ ಅದನ್ನೇ!

ಆಮೇಲೆ ಆ ಊರಿನ ಬಗ್ಗೆ ಹುಡುಕಿ ಓದಿದೆ. ಇಂದಿನ ಟರ್ಕಿಯ ಡೆನಿಜ್ಲಿ ನಗರದ ಹತ್ತಿರ ಅದರ ಅವಶೇಷಗಳಿವೆ. ಹಣದ ವ್ಯವಹಾರ ಜೋರಾಗಿದ್ದ ಪೇಟೆ. ಅಲ್ಲಿನ ಕಪ್ಪು ಉಣ್ಣೆಗೆ ದೂರದೂರಕ್ಕೆ ಹೆಸರು. ಸಮೀಪದಲ್ಲೇ ವೈದ್ಯಶಾಲೆ. ಕ್ರಿ.ಶ. 60ರಲ್ಲಿ ಭೂಕಂಪವಾಗಿ ಊರು ಕುಸಿದಾಗ, ರೋಮ್ ಸರ್ಕಾರದ ನೆರವಿಲ್ಲದೆ ಸ್ವಂತ ದುಡ್ಡಲ್ಲೇ ಮತ್ತೆ ಎದ್ದು ನಿಂತಿತು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ನಾವಾದರೆ ಚಪ್ಪಾಳೆ ಹೊಡೀತಿದ್ವಿ.

ಪತ್ರದಲ್ಲಿ ಮಾತ್ರ ಮೆಚ್ಚುಗೆಯ ಮಾತು ಒಂದೂ ಇಲ್ಲ. ಹಣದ ಊರಿಗೆ ನೀನು ಬಡವ ಅನ್ನುತ್ತದೆ, ಬಟ್ಟೆಯ ಊರಿಗೆ ಬೆತ್ತಲೆ ಅನ್ನುತ್ತದೆ. ಕುರುಡ, ಕಣ್ಣಿಗೆ ಅಂಜನ ಹಚ್ಚಿಕೋ ಅನ್ನುತ್ತದೆ. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಗುರುಬೆಚ್ಚಗಿದ್ದೀ ಎಂಬ ದೂರು ಬೇರೆ. ಪಕ್ಕದ ಹಿಯರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆ, ಕೊಲೊಸ್ಸೆಯಲ್ಲಿ ತಣ್ಣನೆಯ ನೀರು. ಲವೊದಿಕೀಯಕ್ಕೆ ನೀರು ದೂರದಿಂದ ಕೊಳವೆಯಲ್ಲಿ ಬರಬೇಕಿತ್ತು. ಏನೂ ಬೇಡ ಅಂದ ಊರು ಕುಡಿಯುವ ನೀರಿಗೇ ಹೊರಗಿನದನ್ನು ನಂಬಿತ್ತು!

ದುಡ್ಡು ಮಾಡಿದ್ದು ಅವರ ತಪ್ಪು ಅಂತ ನನಗನಿಸಲಿಲ್ಲ. ದುಡ್ಡಿದ್ದರೆ ಎಲ್ಲವೂ ಇದ್ದಂತೆ ಎಂದುಕೊಂಡರಲ್ಲ, ಅಪಾಯ ಅಲ್ಲಿತ್ತು. ಕೊರತೆಯೇ ಕಾಣದವನು ಯಾರನ್ನೂ ಕರೆಯೋದಿಲ್ಲ, ದೇವರನ್ನೂ. ಅದಕ್ಕೇ ಇರಬೇಕು, ಆ ಪತ್ರದಲ್ಲಿ ಕ್ರಿಸ್ತ ಹೊರಗೆ ನಿಂತು ಬಾಗಿಲು ತಟ್ಟುತ್ತಾನೆ. ತನ್ನದೇ ಸಭೆಯ ಬಾಗಿಲು!

ನನ್ನ ವಿಷಯಕ್ಕೆ ಬಂದರೆ, ಇಎಂಐ ಸರಿಯಾಗಿ ಕಟ್ತಿದ್ದೀನಿ, ಊಟ, ಔಷಧಿ ಎಲ್ಲಾ ಆ್ಯಪ್‌ನಲ್ಲೇ ಬರುತ್ತೆ. ಆದರೆ ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಪ್ರಾರ್ಥನೆಯಲ್ಲೂ ಹೇಳಿರಲಿಲ್ಲ, ಯಾಕಂದ್ರೆ ಪ್ರಾರ್ಥನೆ ಮಾಡೋದನ್ನೇ ಬಿಟ್ಟಿದ್ದೆ.

ಮೊನ್ನೆ ಫೋನ್ ಮಾಡಿದೆ. “ಅಮ್ಮಾ, ಅವತ್ತು ಕೇಳಿದ್ಯಲ್ಲ... ರಾತ್ರಿ ನಿದ್ದೆ ಬರ್ತಿಲ್ಲ. ಒಬ್ನೇ ಇರೋಕೆ ಭಯ ಆಗುತ್ತೆ.”

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, “ನಂಗೊತ್ತಿತ್ತು ಕಣೋ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ,” ಅಂದರು.

ಇವತ್ತು ನಿಮ್ಮನ್ನು ಯಾರಾದರೂ ‘ಏನಾದ್ರೂ ಬೇಕಾ?’ ಅಂತ ಕೇಳಿದರೆ, ‘ಏನೂ ಬೇಡ’ ಅನ್ನೋ ಮೊದಲು ಒಂದು ನಿಮಿಷ ಯೋಚಿಸಿ. ಬಾಗಿಲು ತಟ್ಟುತ್ತಿರುವವರು ಯಾರು ಅಂತ ನೋಡಿ.