ಗಾಲಿಕುರ್ಚಿ ಕೊಟ್ಟ ಮೇಲಿನ ಲೆಕ್ಕ

ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ. ಅದರ ಆಸುಪಾಸಿನಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸಾಧನ ಸಲಕರಣೆ ವಿತರಣಾ ಶಿಬಿರಗಳು ಸಾಲುಸಾಲಾಗಿ ನಡೆಯುತ್ತವೆ. ಸರ್ಕಾರದ ಜೊತೆಗೆ ಸೇವಾ ಸಂಸ್ಥೆಗಳು, ಕಂಪನಿಗಳು, ಊರಿನ ದಾನಿಗಳು ಕೈಜೋಡಿಸುತ್ತಾರೆ. ಎಷ್ಟು ಗಾಲಿಕುರ್ಚಿ ವಿತರಣೆಯಾಯಿತು ಎಂಬ ಅಂಕಿ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಒಂದು ವರ್ಷ ಕಳೆದ ಮೇಲೆ ಅವುಗಳಲ್ಲಿ ಎಷ್ಟು ಬಳಕೆಯಲ್ಲಿವೆ ಎಂಬ ಅಂಕಿ ಮಾತ್ರ ಎಲ್ಲೂ ಬರುವುದಿಲ್ಲ. ಈ ಎರಡನೆಯ ಅಂಕಿಯನ್ನು ಕೇಳುವವರೆಗೆ ಇಷ್ಟೆಲ್ಲ ಹಣ, ಇಷ್ಟೆಲ್ಲ ಒಳ್ಳೆಯ ಮನಸ್ಸು ಹಳ್ಳಿಯ ಅಂಗವಿಕಲರಿಗೆ ನಿಜವಾಗಿ ತಲುಪಿದೆ ಎನ್ನಲಾಗದು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ ಸುಮಾರು 1.86 ಕೋಟಿ ಮಂದಿ ಹಳ್ಳಿಗಳವರು. ಕರ್ನಾಟಕದ ಪಾಲು 13 ಲಕ್ಷಕ್ಕೂ ಹೆಚ್ಚು. ಬೇಡಿಕೆ ದೊಡ್ಡದು, ಆದ್ದರಿಂದ ದಾನಕ್ಕೆ ಜಾಗವೂ ದೊಡ್ಡದು. ಆದರೆ ದಾನವಾಗಿ ಬಂದ ಗಾಲಿಕುರ್ಚಿಗಳು ಏನಾದವು ಎಂದು ಗೌತಮ್ ಮುಖರ್ಜಿ ಮತ್ತು ಅಮಲೇಂದು ಸಾಮಂತ ಎಂಬ ಭಾರತೀಯ ಸಂಶೋಧಕರು ವಿಚಾರಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣು ತೆರೆಸುವಂಥದ್ದು. ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದರಲ್ಲಿ ಕೂರುವುದನ್ನೇ ಬಿಟ್ಟಿದ್ದರು. ನೋವು, ಆಯಾಸ, ಮನೆ ಮತ್ತು ಸುತ್ತಲಿನ ಜಾಗಕ್ಕೆ ಹೊಂದದಿರುವುದು ಅವರು ಕೊಟ್ಟ ಕಾರಣಗಳು.

ಇದು ಏಕೆ ಹೀಗಾಗುತ್ತದೆ ಎಂದು ತಿಳಿಯಲು ಶಿಬಿರದಲ್ಲಿ ಸಾಮಾನ್ಯವಾಗಿ ಕೊಡುವ ಮಡಚುವ ಕುರ್ಚಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ಆಸ್ಪತ್ರೆಯ ನುಣುಪು ನೆಲದ ಮೇಲೆ, ಹಿಂದಿನಿಂದ ಇನ್ನೊಬ್ಬರು ತಳ್ಳಿಕೊಂಡು ಹೋಗಲೆಂದು ಮಾಡಿದ್ದು. ಕೂರುವ ಜಾಗದಲ್ಲಿ ಎರಡು ಕಬ್ಬಿಣದ ಕೊಳವೆಗಳ ನಡುವೆ ಎಳೆದು ಕಟ್ಟಿದ ರೆಕ್ಸಿನ್ ಇರುತ್ತದೆ. ಕೆಲವು ತಿಂಗಳಲ್ಲಿ ಅದು ನಡುವೆ ಜಗ್ಗುತ್ತದೆ, ಕೂತವರ ಸೊಂಟ ಒಂದು ಕಡೆಗೆ ವಾಲುತ್ತದೆ. ಮುಂದಿನ ಚಿಕ್ಕ ಗಾಲಿಗಳು ಮಳೆಗಾಲದ ಕೆಸರಿನಲ್ಲಿ ಹೂತುಕೊಳ್ಳುತ್ತವೆ, ಜಲ್ಲಿಕಲ್ಲಿಗೆ ಸಿಕ್ಕಿ ನಿಲ್ಲುತ್ತವೆ. ಅಗಲ ಎರಡು ಅಡಿ ಮೀರುವುದರಿಂದ ಶೌಚಾಲಯದ ಕಿರಿದಾದ ಬಾಗಿಲಲ್ಲಿ ನುಗ್ಗುವುದಿಲ್ಲ. ಹಿಂದಿನ ದೊಡ್ಡ ಚಕ್ರ ಪಂಕ್ಚರ್ ಆದರೆ ಊರಿನ ಸೈಕಲ್ ಅಂಗಡಿಯವರು ಹೇಗೋ ಸರಿಮಾಡಿಕೊಡಬಹುದು. ಮುಂದಿನ ಗಾಲಿ ಮುರಿದರೆ ಬಿಡಿಭಾಗ ಜಿಲ್ಲಾ ಕೇಂದ್ರದಲ್ಲೂ ಸಿಗುವುದು ಕಷ್ಟ. ಇವೆಲ್ಲಕ್ಕಿಂತ ದೊಡ್ಡ ಅಪಾಯ ಮೈಗೆ. ಮರದಿಂದ ಬಿದ್ದೋ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದ ಹಲವರಿಗೆ ಸೊಂಟದ ಕೆಳಗೆ ಸ್ಪರ್ಶಜ್ಞಾನ ಇರುವುದಿಲ್ಲ. ಒತ್ತಡ ತಡೆಯುವ ದಿಂಬಿಲ್ಲದೆ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತರೆ ಚರ್ಮ ಕೊಳೆಯತೊಡಗುತ್ತದೆ, ನೋವು ಮಾತ್ರ ತಿಳಿಯುವುದಿಲ್ಲ. ಇಂಥ ಹುಣ್ಣು ಮೂಳೆಯವರೆಗೆ ಇಳಿದು, ನಂಜೇರಿ ಜೀವಕ್ಕೆ ಎರವಾಗಬಹುದು. ಸೆರೆಬ್ರಲ್ ಪಾಲ್ಸಿ ಇರುವ ಪುಟ್ಟ ಮಗುವನ್ನು ದೊಡ್ಡವರ ಅಳತೆಯ ಕುರ್ಚಿಯಲ್ಲಿ ಕೂರಿಸಿದರೆ ಬೆಳೆಯುವ ಬೆನ್ನುಮೂಳೆ ಸೊಟ್ಟಗಾಗುವ ಭಯವಿದೆ.

ಇದಕ್ಕೆ ಪರಿಹಾರ ಗೊತ್ತಿಲ್ಲದೇನಿಲ್ಲ. ಸಂಪನ್ಮೂಲ ಕಡಿಮೆ ಇರುವ ದೇಶಗಳಿಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಮಾರ್ಗಸೂಚಿ ಹೊರಡಿಸಿ, ಗಾಲಿಕುರ್ಚಿ ಒದಗಿಸುವ ಕೆಲಸವನ್ನು ಎಂಟು ಹಂತಗಳಾಗಿ ವಿವರಿಸಿತು. ವ್ಯಕ್ತಿಯ ಮೈ, ಮನೆ, ದಿನಚರಿಯನ್ನು ನೋಡುವುದು, ಅಳತೆಗೆ ತಕ್ಕ ಕುರ್ಚಿ ಆರಿಸುವುದು, ಹೊಂದಿಸುವುದು, ಬಳಸಲು ಕಲಿಸುವುದು, ಮತ್ತೆ ಬಂದು ವಿಚಾರಿಸಿ ದುರಸ್ತಿ ಮಾಡುವುದು ಎಲ್ಲವೂ ಅದರಲ್ಲಿವೆ. ಈ ವಿದ್ಯೆಗೆ ನಾವು ದೂರ ಹೋಗಬೇಕಾಗಿಯೂ ಇಲ್ಲ. ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಬೆಂಗಳೂರಿನಲ್ಲೇ ಇದೆ. ಈ ಕೆಲಸದಲ್ಲಿ ತರಬೇತಿ ಕೊಡುವ ಮೊಬಿಲಿಟಿ ಇಂಡಿಯಾ ಸಹ ಅಲ್ಲೇ ಇದೆ.

ಏನೂ ಇಲ್ಲದವರಿಗೆ ಯಾವುದಾದರೂ ಒಂದು ಕುರ್ಚಿ ಸಿಕ್ಕಿದರೆ ಸಾಲದೇ ಎಂದು ದಾನಿಗಳು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ವರ್ಷಗಟ್ಟಲೆ ನೆಲದ ಮೇಲೆ ತೆವಳಿದವರಿಗೆ, ಅಮ್ಮನ ಸೊಂಟದ ಮೇಲೆಯೇ ಬೆಳೆದ ಹುಡುಗನಿಗೆ, ಅಂಗಳದವರೆಗೆ ಬಂದು ಕೂರಲು ಸಾಧ್ಯವಾಗುವುದು ಸಣ್ಣ ಮಾತಲ್ಲ. ಆಗೊಮ್ಮೆ ಈಗೊಮ್ಮೆ ಆಸ್ಪತ್ರೆಗೆ ಹೋಗಿಬರುವ ವಯಸ್ಸಾದವರಿಗೆ ಸಾದಾ ಕುರ್ಚಿ ಸಾಕು. ಆದರೆ ಇಡೀ ದಿನ ಕುರ್ಚಿಯಲ್ಲೇ ಕಳೆಯಬೇಕಾದವರಿಗೆ ಅದು ಸಾಲದು. ಸಾಲದಿದ್ದರೆ ಹೋಗಲಿ, ಕೆಡುಕೂ ಮಾಡಬಲ್ಲದು. ಅದರ ಮೇಲೆ, ಅಂಗವಿಕಲರಿಗೆ ಸಲಕರಣೆ ಒದಗಿಸಲು 1981ರಿಂದ ನಡೆಯುತ್ತಿರುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಒಮ್ಮೆ ಸಲಕರಣೆ ಪಡೆದ ವಯಸ್ಕರು ಸಾಮಾನ್ಯವಾಗಿ ಮೂರು ವರ್ಷ ಮತ್ತೆ ಕೇಳುವಂತಿಲ್ಲ. ಅಂದರೆ, ಹೊಂದದ ಕುರ್ಚಿಯೊಂದು ಮನೆಗೆ ಬಂದರೆ ಹೊಂದುವ ಕುರ್ಚಿಯ ದಾರಿಯೂ ಅಷ್ಟು ಕಾಲ ಮುಚ್ಚಿಹೋಗುತ್ತದೆ.

ಅಳತೆ, ದಿಂಬು, ದುರಸ್ತಿ ಎಂದು ಖರ್ಚು ಹೆಚ್ಚಿದರೆ ನೂರು ಜನರ ಬದಲು ಅರವತ್ತು ಜನರಿಗಷ್ಟೇ ಸಿಗುತ್ತದಲ್ಲ ಎಂಬ ಆಕ್ಷೇಪವೂ ಇದೆ. ಸಿಗಲಿ. ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಲೆ ಸೇರುವುದಾದರೆ, ಬಳಕೆಯಲ್ಲಿ ಉಳಿಯುವ ಅರವತ್ತೇ ಹೆಚ್ಚು. ಹಳ್ಳಿಯಲ್ಲಿ ಇದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಂತೂ ಕರ್ನಾಟಕದಲ್ಲಿ ಉತ್ತರ ಸಿದ್ಧವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿ.ಆರ್.ಡಬ್ಲ್ಯು. ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯು. ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ಯಾರ ಮನೆಯ ಮುಂದೆ ಎಷ್ಟು ಮೆಟ್ಟಿಲಿವೆ ಎಂಬುದು ಅವರಿಗೆ ಗೊತ್ತು. ಇವರಿಗೆ ಅಳತೆ ತೆಗೆಯುವ, ಹುಣ್ಣಿನ ಮೊದಲ ಗುರುತು ಹಿಡಿಯುವ ತರಬೇತಿ ಕೊಟ್ಟು, ಸಂಬಳದಂತೆ ನಂಬಬಹುದಾದ ಗೌರವಧನ ಕೊಡಬೇಕು. ಅಂಗವಿಕಲರಿಗೆಂದು ಪಂಚಾಯಿತಿಗಳು ಮೀಸಲಿಡಬೇಕಾದ ಶೇ 5ರ ಅನುದಾನದಲ್ಲಿ ಮನೆ ಮುಂದಿನ ಇಳಿಜಾರು ಕಟ್ಟಿಸಬಹುದು, ಬಿಡಿಭಾಗ ತರಿಸಿಡಬಹುದು. ಒಂದು ಅಡಿ ಎತ್ತರದ ಜಗಲಿಗೆ 12 ಅಡಿ ಉದ್ದದ ಇಳಿಜಾರು ಬೇಕು. ಪಂಚಾಯಿತಿಗೆ ಅದು ಹೊರಲಾರದ ಖರ್ಚಲ್ಲ.

ಈ ಡಿಸೆಂಬರ್‌ಗೆ ಕುರ್ಚಿ ಕೊಡಲು ಹೊರಟಿರುವ ದಾನಿಗಳಲ್ಲಿ ಒಂದು ವಿನಂತಿ. ನಿಮ್ಮ ಹಣದಲ್ಲಿ ಒಂದು ಪಾಲನ್ನು ದಿಂಬಿಗೆ, ದುರಸ್ತಿಗೆ ತೆಗೆದಿಡಿ. ಅಳತೆ ತೆಗೆಯದೆ ಯಾರಿಗೂ ಕೊಡಬೇಡಿ. ಮುಂದಿನ ಡಿಸೆಂಬರ್‌ನಲ್ಲಿ ಹೊಸ ಪಟ್ಟಿ ಮಾಡುವ ಮೊದಲು, ಹಳೆಯ ಪಟ್ಟಿ ಹಿಡಿದು ಆ ಮನೆಗಳಿಗೆ ಹೋಗಿಬನ್ನಿ.