ಪೊರೆ ತೆಗೆದದ್ದಾಯಿತು, ಕಣ್ಣು ಎಷ್ಟು ಕಂಡಿತು?

ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ಸಂಖ್ಯೆಯಲ್ಲಿ ಭಾರತ ಹಿಂದೆ ಬಿದ್ದಿಲ್ಲ. 2022ರಲ್ಲಿ ಶುರುವಾದ ರಾಷ್ಟ್ರೀಯ ನೇತ್ರಜ್ಯೋತಿ ಅಭಿಯಾನಕ್ಕೆ ಮೂರು ವರ್ಷಗಳಲ್ಲಿ 2.7 ಕೋಟಿ ಆಪರೇಷನ್‌ಗಳ ಗುರಿ ಇತ್ತು. ಮೊದಲ ವರ್ಷದ ಗುರಿ 75 ಲಕ್ಷ. ನಡೆದದ್ದು 83 ಲಕ್ಷಕ್ಕೂ ಹೆಚ್ಚು. ಆದರೆ ಈ ಲೆಕ್ಕ ಆಪರೇಷನ್ ಥಿಯೇಟರ್ ಬಾಗಿಲಲ್ಲೇ ಮುಗಿಯುತ್ತದೆ. ಲೆನ್ಸ್ ಹಾಕಿಸಿಕೊಂಡು ಮನೆಗೆ ಹೋದವರಿಗೆ ಎಷ್ಟು ಕಾಣುತ್ತಿದೆ ಎಂಬುದು ಗುರಿಯೊಳಗೆ ಬರುವುದಿಲ್ಲ.

ಈ ಪ್ರಶ್ನೆ ಸಣ್ಣದಲ್ಲ. 2015-19ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ 50 ವರ್ಷ ದಾಟಿದವರ ಅಂಧತ್ವಕ್ಕೆ ಶೇ 66.2ರಷ್ಟು ಕಾರಣ ಚಿಕಿತ್ಸೆ ಸಿಗದ ಪೊರೆ. ಅದೇ ಪಟ್ಟಿಯಲ್ಲಿ ಶೇ 7ರಷ್ಟು ಪಾಲು ಪೊರೆ ಆಪರೇಷನ್ ನಂತರದ ತೊಡಕುಗಳದ್ದು. ಅಂದರೆ ಚಿಕಿತ್ಸೆ ಪಡೆದೂ ಕಣ್ಣು ಕಳೆದುಕೊಂಡವರು.

ವಿಶ್ವ ಆರೋಗ್ಯ ಸಂಸ್ಥೆ ಈಗ ಅಳತೆಗೋಲು ಬದಲಿಸಿದೆ. ಆಪರೇಷನ್ ಅಗತ್ಯವಿದ್ದವರಲ್ಲಿ ಎಷ್ಟು ಮಂದಿಗೆ ಅದು ಸಿಕ್ಕಿ, ದೃಷ್ಟಿ 6/12 ಅಥವಾ ಅದಕ್ಕಿಂತ ಉತ್ತಮವಾಯಿತು ಎಂಬುದೇ ಇನ್ನು ಮುಂದಿನ ಲೆಕ್ಕ. ಸರಿಯಾದ ಕಣ್ಣು 12 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರ್‌ನಿಂದಾದರೂ ಓದಬೇಕು. ಈ ಪ್ರಮಾಣವನ್ನು 2030ರೊಳಗೆ ಶೇಕಡಾ 30 ಅಂಶ ಏರಿಸಲು ಸದಸ್ಯ ದೇಶಗಳು 2021ರಲ್ಲಿ ಒಪ್ಪಿಕೊಂಡಿವೆ.

ಲೆನ್ಸ್‌ನ ಕಥೆ ಹಳೆಯದು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಕೃತಕ ಮಸೂರ ಕೂರಿಸಿದರು. ಯುದ್ಧವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣೊಳಗೆ ಸಿಕ್ಕಿಕೊಂಡರೂ ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಅವರು ಗಮನಿಸಿದ್ದರು. ಭಾರತದ ಹಳ್ಳಿಗಳಿಗೆ ಅದು ಬರಲು ದಶಕಗಳೇ ಹಿಡಿದವು. ಕರ್ನಾಟಕದಲ್ಲಿ ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲದ ರೋಗಿಗಳಿಗೆ ಸಿಗುತ್ತಿದ್ದದ್ದು ದಪ್ಪ ಗಾಜಿನ ಕನ್ನಡಕ. ಅದರಲ್ಲಿ ಎಲ್ಲವೂ ಕಾಲು ಭಾಗ ದೊಡ್ಡದಾಗಿ ಕಾಣುತ್ತಿತ್ತು. ಕನ್ನಡಕ ಒಡೆದರೆ ಮತ್ತೆ ಕುರುಡು. 1992ರಲ್ಲಿ ಮಧುರೈನಲ್ಲಿ ಆರೋಲ್ಯಾಬ್ ಅಗ್ಗದ ಲೆನ್ಸ್ ತಯಾರಿಸತೊಡಗಿದ ಮೇಲೆ ಚಿತ್ರ ಬದಲಾಯಿತು.

ಈಗಿನ ಸಮಸ್ಯೆ ಹೆಚ್ಚಾಗಿ ಲೆನ್ಸ್‌ನದ್ದಲ್ಲ, ಅದರ ನಂಬರಿನದ್ದು. ಆಪರೇಷನ್‌ಗೆ ಮುನ್ನ ಕಣ್ಣುಗುಡ್ಡೆಯ ಉದ್ದ ಅಳೆಯುವಾಗ ಒಂದು ಮಿಲಿಮೀಟರ್ ತಪ್ಪಿದರೆ ನಂಬರಿನಲ್ಲಿ ಎರಡೂವರೆಯಿಂದ ಮೂರು ಡಯಾಪ್ಟರ್ ವ್ಯತ್ಯಾಸ ಬೀಳುತ್ತದೆ. ಶಿಬಿರದ ಗಡಿಬಿಡಿಯಲ್ಲಿ ಅಳತೆ ಸಡಿಲವಾದರೆ ಕೈಚಳಕ ಎಷ್ಟಿದ್ದರೂ ನೋಟ ಮಂಜೇ. ಇದಕ್ಕೆ ಮದ್ದು ಸರಳ: ತಿಂಗಳೊಳಗೆ ಮರುತಪಾಸಣೆ, ಬೇಕಾದವರಿಗೆ ಕನ್ನಡಕ. ವರ್ಷಗಳ ನಂತರ ‘ಪೊರೆ ಮತ್ತೆ ಬಂತು’ ಎನ್ನುವವರ ಕಥೆಯೂ ಹಾಗೆಯೇ. ಬಂದದ್ದು ಪೊರೆಯಲ್ಲ, ಲೆನ್ಸ್ ಹಿಂದಿನ ಪದರದ ಮಂಜು. ಯಾಗ್ ಲೇಸರ್‌ನಿಂದ ಕೆಲವೇ ನಿಮಿಷದಲ್ಲಿ ಅದು ತಿಳಿಯಾಗುತ್ತದೆ. ಮರಳಿ ಬಾರದವರಿಗೆ ಇದನ್ನು ಹೇಳುವವರು ಯಾರು?

ನಗರಗಳಲ್ಲಿ ತಕರಾರು ಬೇರೆ. ದುಬಾರಿ ಮಲ್ಟಿಫೋಕಲ್ ಲೆನ್ಸ್ ಹಾಕಿಸಿಕೊಂಡರೆ ಓದುವ ಕನ್ನಡಕದ ಗೋಜು ಕಡಿಮೆ, ನಿಜ. ಆದರೆ ರಾತ್ರಿ ದೀಪಗಳ ಸುತ್ತ ಪ್ರಭಾವಳಿ ಕಾಣುವುದು, ಮಬ್ಬು ಬೆಳಕಿನಲ್ಲಿ ವಸ್ತುಗಳು ಬಿಡಿಬಿಡಿಯಾಗಿ ಕಾಣದಿರುವುದು ಹೆಚ್ಚು ಎಂಬುದನ್ನು ಅಧ್ಯಯನಗಳ ಪರಾಮರ್ಶೆಗಳೇ ಹೇಳಿವೆ. ರಾತ್ರಿ ವಾಹನ ಓಡಿಸುವವರು, ರೆಟಿನಾ ಕೆಟ್ಟಿರುವ ಮಧುಮೇಹಿಗಳು ಪ್ಯಾಕೇಜ್ ದರ ನೋಡುವ ಮೊದಲು ಇದನ್ನು ಕೇಳಬೇಕು. ದೂರದ ನೋಟಕ್ಕೆ ಸಾಧಾರಣ ಮೋನೋಫೋಕಲ್ ಲೆನ್ಸ್ ಏನೂ ಕಡಿಮೆಯಲ್ಲ.

ಪುಣೆ, ಮುಂಬೈಯ ಕನ್ನಡ ಮನೆಗಳಿಗೆ ಇನ್ನೊಂದು ತೊಡಕಿದೆ. ಅಪ್ಪ-ಅಮ್ಮನ ಆಪರೇಷನ್ ಊರಲ್ಲಿ ಆಗುತ್ತದೆ, ಆಮೇಲೆ ಅವರು ಮಕ್ಕಳ ಜೊತೆ ಇರಲು ಬರುತ್ತಾರೆ, ಮರುತಪಾಸಣೆ ತಪ್ಪಿಹೋಗುತ್ತದೆ. ಹಾಕಿದ ಲೆನ್ಸ್‌ನ ಹೆಸರು, ನಂಬರ್ ಇರುವ ಸ್ಟಿಕ್ಕರ್ ಡಿಸ್ಚಾರ್ಜ್ ಕಾಗದದ ಮೇಲಿದ್ದರೆ ಯಾವ ಊರಿನ ಕಣ್ಣಿನ ವೈದ್ಯರೂ ಮುಂದಿನ ತಪಾಸಣೆ ಮಾಡಬಲ್ಲರು. ಇಲ್ಲದಿದ್ದರೆ ಆಸ್ಪತ್ರೆಯಿಂದ ಅದನ್ನು ಬರೆಸಿಕೊಳ್ಳಬಹುದು.